ಪರಾಗದ ಅಲರ್ಜಿ: ಮೂಗಿನ ಸ್ಪ್ರೇ ಕೆಲಸ ಮಾಡದಿದ್ದರೆ ಹೊಡೆಯುವ ರೀತಿ ನೋಡಿ

ಒಂದರ ಹಿಂದೊಂದು ಸೀನು, ನೀರಿನಂತೆ ಸುರಿಯುವ ಮೂಗು, ಕಣ್ಣಲ್ಲೂ ಅಂಗುಳಲ್ಲೂ ತುರಿಕೆ, ಆದರೆ ಜ್ವರವಿಲ್ಲ. ಹೀಗಿದ್ದರೆ ನೆಗಡಿಗಿಂತ ಪರಾಗದ ಅಲರ್ಜಿಯ ಸಾಧ್ಯತೆಯೇ ಹೆಚ್ಚು. ನೆಗಡಿ ಸಾಮಾನ್ಯವಾಗಿ 7–10 ದಿನಕ್ಕೆ ಇಳಿಯುತ್ತದೆ. ಅಲರ್ಜಿ ವಾರಗಟ್ಟಲೆ ಕಾಡುತ್ತದೆ.

ಸೀನು, ತುರಿಕೆಗೆ ಸೆಟಿರಿಜಿನ್‌ನಂಥ ಮಾತ್ರೆ ಸಾಕಾಗಬಹುದು (ಕೆಲವರಿಗೆ ತೂಕಡಿಕೆ ಬರುತ್ತದೆ, ಗಾಡಿ ಓಡಿಸುವವರು ಎಚ್ಚರ). ಮೂಗು ಕಟ್ಟುವುದೇ ದೊಡ್ಡ ಕಾಟವಾದರೆ ಸ್ಟೀರಾಯ್ಡ್ ಸ್ಪ್ರೇ ಮೇಲು. ಅದು ಹಿಡಿಯಲಿಲ್ಲ ಎನ್ನುವವರು ಎಷ್ಟೋ ಸಲ ಹೊಡೆಯುವುದೇ ತಪ್ಪಾಗಿರುತ್ತದೆ. ಸಿಂಬಳ ತೆಗೆದು, ಬಾಟಲಿ ಅಲ್ಲಾಡಿಸಿ, ತಲೆಯನ್ನು ಸ್ವಲ್ಪ ಮುಂದಕ್ಕೆ ಬಾಗಿಸಿ. ಬಲ ಹೊಳ್ಳೆಗೆ ಎಡಗೈ, ಎಡ ಹೊಳ್ಳೆಗೆ ಬಲಗೈ. ತುದಿ ಅದೇ ಬದಿಯ ಕಿವಿಯ ಕಡೆಗಿರಲಿ. ಮೂಗಿನ ನಡುಗೋಡೆಗೆ ಬಿದ್ದರೆ ಅಲ್ಲಿ ಒಣಗಿ ರಕ್ತ ಬರಬಹುದು. ಮೆಲ್ಲಗೆ ಉಸಿರೆಳೆಯಿರಿ, ಜೋರಾಗಿ ಎಳೆದರೆ ಔಷಧಿಯೆಲ್ಲ ಗಂಟಲಿಗೇ. ಪೂರ್ತಿ ಗುಣ ಕಾಣಲು 1–2 ವಾರ ದಿನಾ ಹಾಕಬೇಕು. ಎರಡು ದಿನಕ್ಕೆ ಬಿಟ್ಟರೆ ದುಡ್ಡು ದಂಡ.

ಮೂಗು ತಕ್ಷಣ ಬಿಡಿಸುವ ಆಕ್ಸಿಮೆಟಜೋಲಿನ್ ಹನಿಗಳು ಬೇರೆಯೇ ಬಗೆ. 3–5 ದಿನ ಮೀರಿದರೆ ಮೂಗು ಮೊದಲಿಗಿಂತ ಹೆಚ್ಚು ಕಟ್ಟಬಹುದು.

ಹೊರಗಿಂದ ಬಂದೊಡನೆ ಮುಖ ತೊಳೆದು ಬಟ್ಟೆ ಬದಲಿಸಿ. ಉಬ್ಬಸ, ಎದೆ ಬಿಗಿತ ಕಂಡರೆ ತಡಮಾಡದೆ ವೈದ್ಯರ ಬಳಿ ಹೋಗಿ.