ಸಿಪಾಯಿ ಜಾರ್ಜ್ ಪ್ರೈಸ್‌ನ ಬದುಕನ್ನು ನಾನು ಬರೆದ ಬಗೆ

ಜಾರ್ಜ್ ಲಾರೆನ್ಸ್ ಪ್ರೈಸ್‌ನ ಕುರಿತು ಬರೆಯುವವರು ಸಾಮಾನ್ಯವಾಗಿ ಅವನ ಸಾವಿನಿಂದಲೇ ಆರಂಭಿಸುತ್ತಾರೆ. 1918ರ ನವೆಂಬರ್ 11ರಂದು ಕದನವಿರಾಮ ಜಾರಿಗೆ ಬರಲು ಎರಡೇ ನಿಮಿಷ ಉಳಿದಿದ್ದಾಗ, ಅಂದರೆ ಬೆಳಿಗ್ಗೆ 10.58ಕ್ಕೆ, ಬೆಲ್ಜಿಯಂನ ವಿಲ್-ಸುರ್-ಎನ್ ಎಂಬ ಹಳ್ಳಿಯಲ್ಲಿ ಗುಂಡೇಟಿನಿಂದ ಮಡಿದ ಈ ಕೆನಡಾದ ಸಿಪಾಯಿಯನ್ನು ಮೊದಲ ಮಹಾಯುದ್ಧದ ಕೊನೆಯ ಕಾಮನ್‌ವೆಲ್ತ್ ಬಲಿ ಎಂದು ಗುರುತಿಸಲಾಗುತ್ತದೆ. ಕೆನಡಾದ ಸಸ್ಕಾಚೆವಾನ್ ಪ್ರಾಂತ್ಯದಲ್ಲಿ ನೆಲೆಸಿರುವ ಕನ್ನಡಿಗರ ಮಕ್ಕಳಿಗಾಗಿ ಅವನ ಬದುಕನ್ನು ಬರೆಯಲು ಕುಳಿತಾಗ, ಆ ಎರಡು ನಿಮಿಷಗಳು ಅವನ ಇಪ್ಪತ್ತೈದು ವರ್ಷಗಳನ್ನು ನುಂಗಿಬಿಡಬಾರದೆಂದು ನಿಶ್ಚಯಿಸಿಕೊಂಡೆ. ದಾಖಲೆಗಳನ್ನು ಅವನು ಬದುಕಿದ ಕ್ರಮದಲ್ಲೇ ಓದಿದೆ.

ಇಂಥ ಹುಡುಕಾಟದಲ್ಲಿ ಹೆಸರಿಗಿಂತ ಸೇನಾ ಸಂಖ್ಯೆಯನ್ನು ನಂಬುವುದು ಒಳ್ಳೆಯದು. ಪ್ರೈಸ್ ಎಂಬ ಹೆಸರಿನವರು ಅನೇಕರಿದ್ದರು, 256265 ಮಾತ್ರ ಇವನೊಬ್ಬನದು. 1968ರಲ್ಲಿ ಅವನ ಸಂಗಾತಿಗಳು ಅವನು ಮಡಿದ ಹಳ್ಳಿಯಲ್ಲಿ ಹಾಕಿಸಿದ ಫಲಕದಲ್ಲೂ ಹೆಸರಿಗೆ ಮೊದಲು ಆ ಸಂಖ್ಯೆಯೇ ಇದೆ. ಕೆನಡಾದ ರಾಷ್ಟ್ರೀಯ ಪತ್ರಾಗಾರವು ಆ ಯುದ್ಧದಲ್ಲಿ ಸೇವೆ ಸಲ್ಲಿಸಿದ ಆರು ಲಕ್ಷಕ್ಕೂ ಹೆಚ್ಚು ಮಂದಿಯ ಕಡತಗಳನ್ನು ಸ್ಕ್ಯಾನ್ ಮಾಡಿ, ಯಾರು ಬೇಕಾದರೂ ಉಚಿತವಾಗಿ ನೋಡುವಂತೆ ಅಂತರ್ಜಾಲದಲ್ಲಿ ಇಟ್ಟಿದೆ. ಇಂಥ ಕಡತಗಳಲ್ಲಿ ಸಂಬಳದ ಹಾಳೆಯನ್ನು ಹೆಚ್ಚಿನವರು ಮಗುಚಿ ಮುಂದೆ ಹೋಗುತ್ತಾರೆ. ಸಾಮಾನ್ಯ ಸಿಪಾಯಿಗೆ ದಿನಕ್ಕೆ ಒಂದು ಡಾಲರ್ ಸಂಬಳ, ಹತ್ತು ಸೆಂಟ್ ಭತ್ಯೆ. ಅದರಲ್ಲಿ ಊರಿಗೆ ಯಾರ ಹೆಸರಿನಲ್ಲಿ ಹಣ ಹೋಗುತ್ತಿತ್ತೆಂಬುದು ತಿಳಿಯುವುದು ಅಲ್ಲಿಯೇ. ಒಬ್ಬ ಸಿಪಾಯಿ ಯಾರ ಮಗನಾಗಿದ್ದ, ಯಾರಿಗೆ ಆಸರೆಯಾಗಿದ್ದ ಎಂಬುದಕ್ಕೆ ಅದಕ್ಕಿಂತ ನೇರವಾದ ಸಾಕ್ಷ್ಯ ವಿರಳ.

ಪ್ರೈಸ್ ಹುಟ್ಟಿದ್ದು 1892ರ ಡಿಸೆಂಬರ್ 15ರಂದು, ನೋವಾ ಸ್ಕೋಷಿಯಾದ ಫಾಲ್ಮತ್‌ನಲ್ಲಿ. ದೇಶದ ಪೂರ್ವದಂಚಿನ ಆ ಸೇಬಿನ ತೋಟಗಳ ಸೀಮೆಯಲ್ಲಿ ಬೆಳೆದು, ತರುಣನಾದ ಮೇಲೆ ಗೋಧಿ ಬೆಳೆಯುವ ಪಶ್ಚಿಮದ ಬಯಲಿನ, ಸಸ್ಕಾಚೆವಾನ್‌ನ ಮೂಸ್ ಜಾ ಪಟ್ಟಣಕ್ಕೆ ಬಂದ. 1917ರ ಅಕ್ಟೋಬರ್ 15ರಂದು ಸೇನೆಗೆ ಸೇರಿ, ಮುಂದೆ 28ನೆಯ ಬೆಟಾಲಿಯನ್‌ನ ಸಿಪಾಯಿಯಾದ.

ಬೆಟಾಲಿಯನ್‌ಗಳ ಯುದ್ಧ ದಿನಚರಿಗಳಲ್ಲಿ ಅಧಿಕಾರಿಗಳ ಹೆಸರು ಕಾಣುವಷ್ಟು ಸಿಪಾಯಿಗಳ ಹೆಸರು ಕಾಣುವುದಿಲ್ಲ. ಹಾಗಾಗಿ ಅವನ ದಳ ಎಲ್ಲಿತ್ತೋ ಅಲ್ಲಿ ಅವನೂ ಇದ್ದನೆಂದು ಊಹಿಸುವ ಮೊದಲು, ಅವನ ಕಡತದ ದಿನಾಂಕಗಳನ್ನು ದಿನಚರಿಯ ದಿನಾಂಕಗಳ ಪಕ್ಕದಲ್ಲಿಟ್ಟು ನೋಡಬೇಕಾಗುತ್ತದೆ. ಇದು ನಿಧಾನದ ಕೆಲಸ, ಆದರೆ ಇದನ್ನು ಬಿಟ್ಟರೆ ಬರೆದದ್ದು ಕಟ್ಟುಕಥೆಯಾಗುತ್ತದೆ.

ಕೊನೆಯ ಬೆಳಗಿನ ವಿಷಯದಲ್ಲಿ ಇನ್ನಷ್ಟು ಎಚ್ಚರ ವಹಿಸಿದೆ. ಕದನವಿರಾಮಕ್ಕೆ ಸಹಿ ಬಿದ್ದದ್ದು ಮುಂಜಾನೆ ಐದರ ಸುಮಾರಿಗೆ. ಜಾರಿಗೆ ಬರಬೇಕಾದದ್ದು ಹನ್ನೊಂದಕ್ಕೆ. ಕೆನಡಾದ ಪಡೆಗಳು ಆಗಷ್ಟೇ ಮಾನ್ಸ್ ನಗರವನ್ನು ಹಿಡಿದಿದ್ದವು. ವಿಲ್-ಸುರ್-ಎನ್‌ನಲ್ಲಿ ಕಾಲುವೆಯ ಆಚೆ ದಡದ ಮನೆಗಳ ಗೋಡೆಗಳಲ್ಲಿ ಇಟ್ಟಿಗೆ ಕಿತ್ತಿದ್ದು ಕಂಡು, ಅಲ್ಲಿ ಮೆಷಿನ್‌ಗನ್ ಅಡಗಿಸಿರಬಹುದೆಂಬ ಶಂಕೆಯಿಂದ ಪ್ರೈಸ್ ಮತ್ತು ಅವನ ಸಂಗಾತಿಯಾದ ಆರ್ಟ್ ಎಂಬ ಸಿಪಾಯಿ ಇನ್ನು ಕೆಲವರೊಂದಿಗೆ ಸೇತುವೆ ದಾಟಿದರು. ಮನೆಗಳನ್ನು ಶೋಧಿಸಿ ಬೀದಿಗೆ ಬಂದಾಗ ಪ್ರೈಸ್‌ನ ಎದೆಗೆ ಗುಂಡು ಬಿತ್ತು. ಅವನನ್ನು ಮನೆಯೊಂದರೊಳಗೆ ಎಳೆದುಕೊಂಡರು. ಆ ಹಳ್ಳಿಯ ಯುವತಿಯೊಬ್ಬಳು ಗುಂಡಿನ ಭಯವಿದ್ದರೂ ಬೀದಿ ದಾಟಿ ಓಡಿಬಂದು ಆರೈಕೆ ಮಾಡಿದಳು. ಅವನು ಉಳಿಯಲಿಲ್ಲ. ಇದರ ಬಹುಭಾಗ ಆರ್ಟ್ ಎಷ್ಟೋ ವರ್ಷಗಳ ನಂತರ ನೆನಪಿನಿಂದ ಹೇಳಿದ್ದು. ಅದನ್ನು ಹಾಗೆಂದೇ ನಮೂದಿಸಿದೆ. ಸಾಯುವವನ ಬಾಯಲ್ಲಿ ಒಂದು ಮಾತನ್ನೂ ನಾನು ಇಡಲಿಲ್ಲ.

ಮಾನ್ಸ್ ಬಳಿಯ ಸೇಂಟ್ ಸಿಂಫೋರಿಯನ್ ಸ್ಮಶಾನವನ್ನು ಮೊದಲು ರೂಪಿಸಿದ್ದು ಜರ್ಮನ್ ಸೇನೆ. 1914ರ ಆಗಸ್ಟ್‌ನಲ್ಲಿ ಮೊದಲು ಬಿದ್ದ ಬ್ರಿಟಿಷ್ ಸಿಪಾಯಿ ಜಾನ್ ಪಾರ್, ಕೊನೆಗೆ ಬಿದ್ದ ಬ್ರಿಟಿಷ್ ಸಿಪಾಯಿ ಜಾರ್ಜ್ ಎಲಿಸನ್, ಇನ್ನೂರಕ್ಕೂ ಹೆಚ್ಚು ಜರ್ಮನ್ನರು ಮತ್ತು ಪ್ರೈಸ್, ಎಲ್ಲರೂ ಅಲ್ಲಿಯೇ ಇದ್ದಾರೆ. ಮಕ್ಕಳಿಗೆ ಬರೆದ ಪಠ್ಯದಲ್ಲಿ ಜರ್ಮನ್ನರ ಆ ಸಮಾಧಿಗಳನ್ನೂ ಸೇರಿಸಿದ್ದೇನೆ.