ಬೀಗರಿಗಾಗಿ ನಾನು ಹಾಕಿದ ಟೂರ್ ಪ್ಲಾನ್

ಕೊಪ್ಪಳದಲ್ಲಿ ಮನೆ ಇದ್ದರೆ ಹಂಪಿ ನೋಡೋಕೆ ಅಂತ ನೆಂಟರು ಬರುತ್ತಲೇ ಇರುತ್ತಾರೆ. ಪ್ಲಾನ್ ಹಾಕುವ ಕೆಲಸ ಯಾವಾಗಲೂ ನನ್ನ ಪಾಲಿಗೇ. ಹೋದ ಚಳಿಗಾಲದಲ್ಲಿ ತಂಗಿಯ ಅತ್ತೆ-ಮಾವ ಮೈಸೂರಿನಿಂದ ಬಂದಿದ್ದರು. ಬೀಗರಿಗೆ ಕಲ್ಲು, ಶಾಸನ ಅಂದರೆ ಹುಚ್ಚು. ಬೀಗತಿಗೆ ಮೊಣಕಾಲು ನೋವು. ಇಬ್ಬರಿಗೂ ಒಂದೇ ಗಾಡಿ.

ಜಾಸ್ತಿ ಜನ ಮೊದಲು ಮ್ಯಾಪ್ ತೆಗೆದು ಕಿಲೋಮೀಟರ್ ನೋಡುತ್ತಾರೆ. ನಾನು ಗೋಡೆ ಮೇಲಿನ ಕ್ಯಾಲೆಂಡರ್ ಇಳಿಸುತ್ತೇನೆ. ನಮ್ಮ ಕಡೆ ದೂರ ಅಷ್ಟು ಕಾಡಲ್ಲ, ವಾರ ಮತ್ತು ಬಿಸಿಲು ಕಾಡುತ್ತವೆ. ಹುಲಿಗಿಯ ಹುಲಿಗೆಮ್ಮನ ಗುಡಿಯಲ್ಲಿ ಮಂಗಳವಾರ, ಶುಕ್ರವಾರ ಕಾಲಿಡೋಕೆ ಜಾಗ ಇರಲ್ಲ. ಹುಣ್ಣಿಮೆ ಬಂದರಂತೂ ಕೇಳಲೇಬೇಡಿ. ಆನೆಗುಂದಿ ಹತ್ತಿರದ ಅಂಜನಾದ್ರಿ ಗುಡ್ಡಕ್ಕೆ ಶನಿವಾರ ಹನುಮಪ್ಪನ ಭಕ್ತರು ಮುಗಿಬೀಳುತ್ತಾರೆ. ಹಂಪಿ ಪಕ್ಕದ ಕಮಲಾಪುರದ ಮ್ಯೂಸಿಯಂಗೆ ಶುಕ್ರವಾರ ರಜೆ. ಇಷ್ಟಕ್ಕೆ ಪೆನ್ಸಿಲ್ಲಿನಲ್ಲಿ ಕಾಟು ಹಾಕಿದೆ ನೋಡಿ, ಉಳಿದದ್ದು ತಾನಾಗಿಯೇ ಕೂತಿತು. ಗುರುವಾರ ಹುಲಿಗಿ ಮತ್ತು ತುಂಗಭದ್ರಾ ಡ್ಯಾಂ. ಶುಕ್ರವಾರ ಆನೆಗುಂದಿ. ಶನಿವಾರ ಹಂಪಿ. ಭಾನುವಾರ ಇಟಗಿ, ಕುಕನೂರು.

ಆಮೇಲೆ ಬಿಸಿಲಿನ ಲೆಕ್ಕ. ಚಳಿಗಾಲದಲ್ಲೂ ಹನ್ನೊಂದರ ಮೇಲೆ ನಮ್ಮ ಬಂಡೆಗಳು ಕಾಯ್ದು ಹೆಂಚಾಗುತ್ತವೆ. ಹಾಗಾಗಿ ಗುಡ್ಡ ಇರುವುದೆಲ್ಲ ಬೆಳಿಗ್ಗೆ ಅಥವಾ ನಾಲ್ಕರ ಹೊತ್ತಿಗೆ. ಮಧ್ಯಾಹ್ನಕ್ಕೆ ನೆರಳು, ಊಟ, ಗುಡಿಯ ಒಳಾಂಗಣ.

ಶುಕ್ರವಾರ ಕತ್ತಲಿರುವಾಗಲೇ ಮನೆ ಬಿಟ್ಟೆವು. ಗಂಗಾವತಿ ಕಡೆ ಭತ್ತದ ಕಟಾವು ನಡೆಯುವ ಕಾಲ. ಹೊತ್ತೇರಿದರೆ ರಸ್ತೆ ತುಂಬಾ ಕಟಾವು ಮಷಿನ್, ಟ್ರ್ಯಾಕ್ಟರ್. ಮ್ಯಾಪಿನಲ್ಲಿ ತೋರಿಸುವ ಸಮಯ ಆಗ ಲೆಕ್ಕಕ್ಕಿಲ್ಲ. ಅಂಜನಾದ್ರಿಗೆ 575 ಮೆಟ್ಟಿಲು ಅಂತಾರೆ, ಬೀಗತಿ ಹತ್ತುವ ಮಾತೇ ಇಲ್ಲ. ಅವರನ್ನು ಕೆಳಗೆ ಗಾಡಿಯಲ್ಲಿ ಕೂರಿಸಿ ಕಾಯಿಸೋದು ನನಗೆ ಸರಿ ಕಾಣಲಿಲ್ಲ. ಅದೇ ದಾರಿಯಲ್ಲಿ ಹತ್ತಿರವೇ ಪಂಪಾ ಸರೋವರ ಇದೆ, ಲಕ್ಷ್ಮಿ ಗುಡಿಯೂ ಇದೆ. ನಾವು ಗುಡ್ಡ ಹತ್ತಿದೆವು, ಡ್ರೈವರ್ ಅವರನ್ನು ಅಲ್ಲಿಗೆ ಕರೆದುಕೊಂಡು ಹೋದ. ಯಾರಾದರೂ ಹತ್ತಲಾಗದವರು ಇದ್ದರೆ ಅವರಿಗೂ ಒಂದು ಪ್ಲಾನ್ ಇರಲೇಬೇಕು, ಅಲ್ವಾ? ಹಾಂ, ಗುಡ್ಡದ ಮೇಲೆ ಕೈಯಲ್ಲಿ ತಿಂಡಿ ಕವರ್ ಹಿಡಿದರೆ ಮಂಗಗಳು ಬಿಡಲ್ಲ.

ಸಂಜೆಗೆ ಹಿರೇಬೆಣಕಲ್. ಇದನ್ನು ಸೇರಿಸಿದ್ದಕ್ಕೆ ಮನೆಯಲ್ಲಿ ಎಲ್ಲರೂ ಬೈದರು, "ಅಲ್ಲೇನೈತಿ, ಬರೀ ಕಲ್ಲು" ಅಂತ. ನನ್ನ ಕೇಳಿದರೆ ನಮ್ಮ ಜಿಲ್ಲೆಯಲ್ಲಿ ಇದನ್ನು ಮೀರಿಸುವ ಜಾಗ ಇಲ್ಲ. ಕಬ್ಬಿಣ ಯುಗದ ನೂರಾರು ಕಲ್ಮನೆಗಳು, ಅಂದರೆ ಸತ್ತವರಿಗಾಗಿ ಕಟ್ಟಿದ ಕಲ್ಲಿನ ಗೋರಿಗಳು, ಎರಡು ಸಾವಿರ ವರ್ಷಕ್ಕೂ ಹಳೆಯವು. 2021ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿಗೂ ಸೇರಿದೆ. ಚಪ್ಪಡಿ ನಿಲ್ಲಿಸಿ, ಮೇಲೊಂದು ಚಪ್ಪಡಿ ಮುಚ್ಚಿದ್ದಾರೆ. ಕೆಲವದರಲ್ಲಿ ಎದುರು ಚಪ್ಪಡಿಗೆ ದುಂಡನೆಯ ಕಿಂಡಿ. ಬೀಗರು ಒಂದು ಕಿಂಡಿಯೊಳಗೆ ತಲೆ ತೂರಿಸಿ ನೋಡಿ, ಅಂಚಿನ ಮೇಲೆ ಬೆರಳಾಡಿಸಿ, ಎಷ್ಟೋ ಹೊತ್ತು ಅಲ್ಲೇ ಕೂತರು. ಒಂದು ಬಂಡೆಯ ಮೇಲೆ ಕಲ್ಲಿನ ನಗಾರಿಯೂ ಇದೆ. ಬಡಿದರೆ ನಿಜಕ್ಕೂ ನಗಾರಿಯ ಸದ್ದೇ.

ಆದರೆ ಮೇಲೆ ನೀರಿಲ್ಲ, ಅಂಗಡಿ ಇಲ್ಲ, ಗಾಡಿ ಹೋಗಲ್ಲ. ಬಂಡೆ ಮೇಲೆ ನಡೆದೇ ಹೋಗಬೇಕು. ಊರಿನವರೊಬ್ಬರನ್ನು ಜೊತೆಗೆ ಮೊದಲೇ ಹೇಳಿಟ್ಟಿದ್ದೆ. ಕರಡಿ, ಚಿರತೆ ಇರುವ ಸೀಮೆ, ಕತ್ತಲಾಗುವುದರೊಳಗೆ ಇಳಿದುಬಿಟ್ಟೆವು.

ಹಂಪಿ ಬಗ್ಗೆ ಹೊಸದಾಗಿ ಏನು ಹೇಳೋದು. ಒಂದು ಮಾತು ಮಾತ್ರ: ವಿಜಯ ವಿಠ್ಠಲ ಗುಡಿಯ ಟಿಕೆಟ್ ಅದೇ ದಿನ ಕಮಲ ಮಹಲಿಗೂ ಮ್ಯೂಸಿಯಂಗೂ ನಡೆಯುತ್ತದೆ. ಹಾಗಾಗಿ ಆ ಮೂರನ್ನೂ ಒಂದೇ ದಿನಕ್ಕೆ ಹಾಕಿದೆ, ಬಿಸಿಲು ಜೋರಾದಾಗ ಮ್ಯೂಸಿಯಂ. ಹೊಳೆ ದಾಟೋಕೆ ಹರಿಗೋಲು ನೆಚ್ಚಿಕೊಳ್ಳಲಿಲ್ಲ, ಕಡೇಬಾಗಿಲು-ಬುಕ್ಕಸಾಗರ ಸೇತುವೆ ಹಿಡಿದೆವು. ಡ್ಯಾಂನಿಂದ ನೀರು ಬಿಟ್ಟ ದಿನ ಹರಿಗೋಲು ಬಂದ್.

ಭಾನುವಾರ ಮಂಡಕ್ಕಿ ಒಗ್ಗರಣೆ-ಮಿರ್ಚಿ ತಿಂದು ಕುಕನೂರಿನ ನವಲಿಂಗ ಗುಡಿ ನೋಡಿ ಇಟಗಿಗೆ ಬಂದೆವು. ಮಹಾದೇವ ದೇವಾಲಯ 1112ರದು. ಕಟ್ಟಿಸಿದವನು ಕಲ್ಯಾಣದ ಚಾಲುಕ್ಯ ದೊರೆ ಆರನೇ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ. ಶಾಸನದಲ್ಲಿ ಇದನ್ನು ದೇವಾಲಯ ಚಕ್ರವರ್ತಿ ಅಂತ ಕರೆದಿದ್ದಾರೆ. ಮೊಣಕಾಲಿಗೂ ಕಷ್ಟವಿಲ್ಲ. ಕಡೆದ ಕಂಬಗಳಿಗೆ ಒರಗಿ ತಣ್ಣಗೆ ಕೂತ ಬೀಗತಿ, "ಇದನ್ನೇ ಮೊದಲು ತೋರಿಸಬಾರದಿತ್ತಾ" ಅಂದರು.

ಗವಿಮಠದ ಅಶೋಕನ ಶಾಸನವನ್ನು ಮಾತ್ರ ಯಾವ ದಿನಕ್ಕೂ ಬರೆದಿರಲಿಲ್ಲ. ಊರೊಳಗಿನ ಜಾಗವನ್ನು ಹೀಗೆ ಕೈಯಲ್ಲಿಟ್ಟುಕೊಳ್ಳುತ್ತೇನೆ, ಎಲ್ಲಿ ಸಮಯ ಉಳಿಯುತ್ತದೋ ಅಲ್ಲಿಗೆ ಹಾಕೋಕೆ. ಹಂಪಿ ಎಕ್ಸ್‌ಪ್ರೆಸ್ ಕೊಪ್ಪಳಕ್ಕೆ ಬರೋದು ರಾತ್ರಿ, ಸೀದಾ ಮೈಸೂರಿಗೇ ಹೋಗುತ್ತದೆ. ಇಟಗಿಯಿಂದ ಬೆಳಕಿರುವಾಗಲೇ ಬಂದೆವು, ಬೀಗರನ್ನು ಗವಿಮಠಕ್ಕೆ ಕರೆದುಕೊಂಡು ಹೋದೆ. ಬೀಗತಿ ಮನೆಯಲ್ಲೇ ಉಳಿದು ರೈಲಿಗೆ ರೊಟ್ಟಿ ಕಟ್ಟಿಸಿಕೊಂಡರು.