ಹೃದಯದ ಬಯಾಪ್ಸಿ: ನವಣೆ ಕಾಳಿನಷ್ಟು ಚೂರಿನಲ್ಲಿ ಏನು ಕಾಣುತ್ತದೆ?

ಎಕೋದಲ್ಲಿ ಹೃದಯ ಹಿಗ್ಗಿದೆ, ಪಂಪಿಂಗ್ ಕಡಿಮೆ ಎಂದು ಬಂದಿದೆ. ಆಂಜಿಯೊಗ್ರಾಂನಲ್ಲಿ ರಕ್ತನಾಳಗಳೆಲ್ಲ ಸರಿಯಾಗಿವೆ. ಹಾಗಾದರೆ ಕೆಟ್ಟಿರುವುದೇನು? ಬಳ್ಳಾರಿಯಲ್ಲಿ ಫೈಲು ಹಿಡಿದು ಹಂಪಿ ಎಕ್ಸ್‌ಪ್ರೆಸ್ ಹತ್ತುವವರಲ್ಲಿ ಕೆಲವರಿಗೆ ಬೆಂಗಳೂರಿನಲ್ಲಿ ‘ಹೃದಯದ ಬಯಾಪ್ಸಿ ಮಾಡೋಣ’ ಎಂಬ ಮಾತು ಕೇಳಿಬರಬಹುದು. ಅಂದರೆ ಹೃದಯದ ಸ್ನಾಯುವಿನ ಸಣ್ಣ ಚೂರು ತೆಗೆದು ಪರೀಕ್ಷಿಸುವುದು. ಎದೆ ಸೀಳುವುದಿಲ್ಲ, ಮೊದಲು ಆ ಭಯ ಬಿಡಿ.

ಇದು ಎಲ್ಲರಿಗೂ ಬೇಕಾದ ಪರೀಕ್ಷೆಯಲ್ಲ. ಎರಡು ವಾರದೊಳಗೆ ಏಕಾಏಕಿ ಹೃದಯ ಸೋತು ರಕ್ತದೊತ್ತಡ ಕುಸಿದವರಿಗೆ ಇದು ತೀರಾ ಮುಖ್ಯ. ಹೃದಯ ಹಿಗ್ಗುವುದರ ಜೊತೆಗೆ ಬಡಿತದ ಲಯವೂ ಕೆಟ್ಟಿದ್ದರೆ ವೈದ್ಯರು ಇದನ್ನು ಸೂಚಿಸುತ್ತಾರೆ.

ಹೋಗುವ ಮುನ್ನ ರಕ್ತ ತೆಳುವಾಗಿಸುವ ಮಾತ್ರೆ ನುಂಗುತ್ತಿದ್ದರೆ ವೈದ್ಯರಿಗೆ ತಿಳಿಸಿ, ನೀವಾಗಿಯೇ ನಿಲ್ಲಿಸಬೇಡಿ. ಹಳೆಯ ಇಸಿಜಿ, ಎಕೋ ವರದಿಗಳು ಜೊತೆಗಿರಲಿ.

ಕುತ್ತಿಗೆಯ ಬಲಭಾಗ ಅಥವಾ ತೊಡೆಸಂದನ್ನು ಮರಗಟ್ಟಿಸಿ, ಅಲ್ಲಿನ ಅಭಿಧಮನಿಯೊಳಗೆ ಸಣ್ಣ ಕೊಳವೆ ಇಳಿಸುತ್ತಾರೆ. ಅದರ ಮೂಲಕ ಬಯಾಪ್ಟೋಮ್ ಎಂಬ ಉದ್ದನೆಯ ಇಕ್ಕಳ ಬಲ ಹೃತ್ಕುಕ್ಷಿಗೆ (ಹೃದಯದ ಬಲಭಾಗದ ಕೆಳಕೋಣೆಗೆ) ತಲುಪುತ್ತದೆ. 1962ರಲ್ಲಿ ಜಪಾನಿನ ಸಕಾಕಿಬಾರ ಮತ್ತು ಕೊನ್ನೊ ತೋರಿಸಿಕೊಟ್ಟ ದಾರಿ ಇದು. ಹೊರಗೋಡೆ ತೆಳು, ತೂತಾಗುವ ಅಪಾಯವಿದೆ. ಆದ್ದರಿಂದ ಎಕ್ಸ್‌ರೇ ಪರದೆ ನೋಡುತ್ತಾ ನಡುಗೋಡೆಯಿಂದಲೇ ಐದಾರು ಚೂರು ತೆಗೆಯುತ್ತಾರೆ. ಒಂದೊಂದೂ ಒಂದೆರಡು ಮಿಲಿಮೀಟರ್, ಹೆಚ್ಚೆಂದರೆ ನವಣೆ ಕಾಳಿನಷ್ಟು.

ನನ್ನ ಮಟ್ಟಿಗೆ ಅರ್ಧ ಪರೀಕ್ಷೆ ಇಲ್ಲಿಂದ ಮುಂದೆ ಇದೆ. ಚೂರನ್ನು ಚಿಮಟದಲ್ಲಿ ಹಿಸುಕಿದರೆ ಜೀವಕೋಶಗಳ ರೂಪವೇ ಕೆಡುತ್ತದೆ; ಸೂಜಿಯ ತುದಿಯಿಂದ ಮೆಲ್ಲಗೆ ಬಿಡಿಸಿ, ಚೂರು ಕೆಡದಂತೆ ಕಾಯುವ ಫಾರ್ಮಲಿನ್ ದ್ರವಕ್ಕೆ ಹಾಕಬೇಕು. ಆ ಫಾರ್ಮಲಿನ್ ಕೂಡ ಫ್ರಿಜ್ಜಿನಿಂದ ತೆಗೆದದ್ದಾಗಿರಬಾರದು, ತಣ್ಣಗಿದ್ದರೆ ಸ್ನಾಯು ಮುದುಡುತ್ತದೆ. ವೈರಸ್ ಹುಡುಕಲು ಬೇರೆ ಚೂರನ್ನು ಹೆಪ್ಪುಗಟ್ಟಿಸಿ ಇಡುತ್ತಾರೆ.

ಸೂಕ್ಷ್ಮದರ್ಶಕದಡಿ ಬಿಳಿ ರಕ್ತಕಣಗಳು ಮುತ್ತಿ ಸ್ನಾಯುಕೋಶಗಳು ಸತ್ತಿದ್ದರೆ ಅದು ಹೃದಯಸ್ನಾಯುವಿನ ಉರಿಯೂತ. ಕಾಂಗೊ ರೆಡ್ ಬಣ್ಣ ಹಚ್ಚಿ ಧ್ರುವೀಕೃತ ಬೆಳಕಿನಲ್ಲಿ ನೋಡಿದಾಗ ಸೇಬಿನ ಹಸಿರು ಹೊಳೆದರೆ ಅಮೈಲಾಯ್ಡ್, ಅಂದರೆ ಸ್ನಾಯುವಿನಲ್ಲಿ ಅಸಹಜ ಪ್ರೋಟೀನ್ ಶೇಖರಣೆ. ಉರಿಯೂತದ ನಡುವೆ ದೈತ್ಯಕೋಶಗಳು (ಹಲವು ಕೋಶಕೇಂದ್ರಗಳಿರುವ ದೊಡ್ಡ ಕೋಶಗಳು) ಕಂಡರೆ ಚಿಕಿತ್ಸೆಗೆ ಒಂದು ದಿನವೂ ತಡ ಮಾಡುವಂತಿಲ್ಲ.

ವರದಿಯಲ್ಲಿ ಏನೂ ಸಿಗದಿದ್ದರೆ ರೋಗವೇ ಇಲ್ಲವೆಂದು ತಿಳಿಯಬೇಡಿ. ಸಾರ್ಕಾಯ್ಡ್‌ನಂಥ (ಅಂಗಾಂಗಗಳಲ್ಲಿ ಉರಿಯೂತದ ಸಣ್ಣ ಗಂಟುಗಳಾಗುವ) ರೋಗ ಅಲ್ಲೊಂದು ಇಲ್ಲೊಂದು ಕಡೆ ಕೂತಿರುತ್ತದೆ, ಇಕ್ಕಳ ಪಕ್ಕದ ಜಾಗ ಕಚ್ಚಿರಬಹುದು.

ನುರಿತವರ ಕೈಯಲ್ಲಿ ದೊಡ್ಡ ತೊಂದರೆ ನೂರರಲ್ಲಿ ಒಬ್ಬರಿಗೆ ಆದೀತು. ಬಯಾಪ್ಸಿಯ ನಂತರ ಎದೆನೋವು, ಏದುಸಿರು, ತಲೆಸುತ್ತು ಬಂದರೆ ಸಂಕೋಚಪಡದೆ ಆ ಕ್ಷಣವೇ ನರ್ಸನ್ನು ಕರೆಯಿರಿ.

ಚೂರನ್ನು ಹುದುಗಿಸಿಟ್ಟ ಮೇಣದ ಬ್ಲಾಕ್ ಮತ್ತು ಸ್ಲೈಡುಗಳನ್ನು ಪ್ರಯೋಗಾಲಯ ಕಾಪಾಡುತ್ತದೆ. ಇನ್ನೊಬ್ಬ ತಜ್ಞರ ಅಭಿಪ್ರಾಯ ಬೇಕೆನಿಸಿದರೆ ಅವನ್ನೇ ಕೇಳಿ ಪಡೆಯಿರಿ. ಅದಕ್ಕಾಗಿ ರೋಗಿಯನ್ನು ಮತ್ತೆ ರೈಲು ಹತ್ತಿಸಬೇಕಿಲ್ಲ.